ಎರಡು ಗಂಟೆ ಇಪ್ಪತ್ತು ನಿಮಿಷ

ಮತ್ತೆ ಅದೇ ಸಾಲು ಬರೆದಳು, ಈ ಎರಡು ಊರುಗಳ ನಡುವೆ ನೇರ ವಿಮಾನವಿಲ್ಲ, ಅಷ್ಟೇ, ಕೀಲಿಮಣೆಯ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ತಾನೇ ಯಾವತ್ತೋ ತಿಂದದ್ದು, ಆ ಸಾಲು ಇದು ಮೂರನೆಯ ಸಲ, ಬೆಳಿಗ್ಗೆ ಇವಳು ಸೇರಿಸುವುದು, ಮಧ್ಯಾಹ್ನ ಮ್ಯಾನೇಜರ್ ಅಳಿಸುವುದು — ಟಿಕೆಟ್ ಮಾರುವ ವೆಬ್‌ಸೈಟಿನ ಪುಟ, ಮೇಲೆ ದೂರ, ಸಾವಿರದ ನಾನೂರ ಎಪ್ಪತ್ತೆರಡು ಕಿಲೋಮೀಟರ್, ಕೆಳಗೆ ಹಾರಾಟದ ಸಮಯ, ಎರಡು ಗಂಟೆ ಇಪ್ಪತ್ತು ನಿಮಿಷ, ಅದರ ಕೆಳಗೆ ಟಿಕೆಟ್ ಹುಡುಕಿ ಎನ್ನುವ ಹಸಿರು ಗುಂಡಿ. ಇಂಥವು ನಾಲ್ಕು ಸಾವಿರ ಪುಟ ಬರೆದಿದ್ದಾಳೆ. ಸೇರಿದ ದಿನವೇ ಮ್ಯಾನೇಜರ್ ಕಲಿಸಿದ್ದರು, ತಲೆ ಕೆಡಿಸ್ಕೋಬೇಡಮ್ಮಾ, ನಕ್ಷೆ ಮೇಲೆ ಎರಡು ಚುಕ್ಕಿ, ನಡುವೆ ನೆಟ್ಟಗೆ ಒಂದು ಗೆರೆ, ಎಂಟುನೂರರಿಂದ ಭಾಗಿಸು, ಏರೋಕೆ ಇಳಿಯೋಕೆ ಅಂತ ಅರ್ಧ ಗಂಟೆ ಸೇರಿಸು, ಮುಗೀತು. ವಿಮಾನವೇ ಇಲ್ದಿದ್ರೆ ಸರ್? ಇದ್ದಿದ್ರೆ ಎಷ್ಟೊತ್ತು ಅಂತ ಬರೀತೀವಿ, ತಪ್ಪೇನು? ಆ ದಿನ ಅದನ್ನು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಅಯ್ಯೋ ಪುಣ್ಯಾತ್ಗಿತ್ತಿ, ಇಲ್ಲದ ವಿಮಾನಕ್ಕೆ ಟೈಮ್ ಹಾಕ್ತೀಯಲ್ಲೇ, ಒಂದಿನಾದ್ರೂ ಸ್ಕೂಲಿಗೆ ಟೈಮಿಗೆ ಸರಿಯಾಗಿ ಹೋಗಿದ್ಯಾ ನೀನು —

ಬೆಳಿಗ್ಗೆ ಎಂಟಕ್ಕೆ ಭಾವನ ಫೋನು, ಹೋದ ತಿಂಗಳು, ನಿಮ್ಮಕ್ಕ ಇವತ್ತು ದಾಟೋದು ಕಷ್ಟ ಅಂದ್ರು ಡಾಕ್ಟರು, ಎಷ್ಟೊತ್ತಿಗೆ ಬರ್ತೀಯಾ? ಬೇರೆ ಯಾರಾದರೂ ಆಗಿದ್ದರೆ ವಿಚಾರಿಸಿ ಹೇಳ್ತೀನಿ ಎನ್ನುತ್ತಿದ್ದರು, ಇವಳ ಬಾಯಲ್ಲಿ ಅಂಕಿ ಸಿದ್ಧವಿತ್ತು, ಎರಡು ಗಂಟೆ ಇಪ್ಪತ್ತು ನಿಮಿಷ ಭಾವ, ಮಧ್ಯಾಹ್ನದೊಳಗೆ ಅಲ್ಲಿರ್ತೀನಿ, ಈ ಊರಿಂದ ಅಕ್ಕನ ಊರಿಗೆ ಅಂತ ಪುಟದಲ್ಲಿ ತಾನು ಹುಟ್ಟಿಸಿದ ಅಂಕಿಯನ್ನು ತಾನೇ ನಂಬಿದಳು, ಹೇಳುವಾಗ ಚೂರು ಹೆಮ್ಮೆಯೂ ಇತ್ತೇನೋ, ವಿಮಾನ ನಿಲ್ದಾಣದ ಕೌಂಟರಿನವಳು, ಉಗುರಿಗೆ ಕೆಂಪು ಬಣ್ಣ, ಒಂದು ಉಗುರಿನದು ಮಾತ್ರ ಎದ್ದುಹೋಗಿತ್ತು, ಮೇಡಂ, ಇಲ್ಲಿಂದ ಆ ಊರಿಗೆ ವಿಮಾನವೇ ಇಲ್ವಲ್ಲ, ಎರಡು ಕಡೆ ಇಳಿದು ಹತ್ತಬೇಕು, ಹನ್ನೊಂದು ಗಂಟೆ ಹಿಡಿಯತ್ತೆ. ಭಾವನಿಗೆ ಹೇಳಿದಳು, ಭಾವ ಅಕ್ಕನಿಗೆ ಹೇಳಲಿಲ್ಲ, ಬಾಯಿ ಬರಲಿಲ್ಲ ಕಣಮ್ಮಾ ಅಂದರು ಆಮೇಲೆ. ಅಕ್ಕ ನೋವಿನ ಇಂಜೆಕ್ಷನ್ ಬೇಡ ಅಂದಳಂತೆ, ಚುಚ್ಚಿದ್ರೆ ನಿದ್ದೆ ಬಂದ್ಬಿಡತ್ತೆ, ತಂಗಿ ಬರ್ತಿದಾಳೆ, ಮಧ್ಯಾಹ್ನ ಬಂದ್ಬಿಡ್ತಾಳೆ, ಆಮೇಲೆ ಕೊಡಿ. ಹನ್ನೆರಡು. ಒಂದು. ಗೋಡೆ ಗಡಿಯಾರ ಕಾಣಿಸಲ್ಲ ಅಂತ ಮಂಚ ತಿರುಗಿಸಿಕೊಂಡಳಂತೆ, ಸೆರಗು ಕಚ್ಚಿಕೊಂಡು ನೋಡುತ್ತಲೇ ಇದ್ದಳಂತೆ, ಎರಡು, ಮೂರು, ನಾಲ್ಕಕ್ಕೆ ಮುಗಿಯಿತು, ಇವಳು ತಲುಪುವಷ್ಟರಲ್ಲಿ ಚಾದರ ಬದಲಾಯಿಸಿದ್ದರು, ಮಂಚ ಓರೆಯಾಗಿಯೇ ಇತ್ತು, ಗಡಿಯಾರದ ಕಡೆಗೆ, ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ, ಬಾಯಿಗಿಟ್ಟದ್ದೆಲ್ಲ ರಟ್ಟು, ಬೆರಳುಗಳು ಯಾರವೋ, ಆ ಓರೆ ಮಂಚ —

ನೋಡಮ್ಮಾ. ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದಾರೆ, ಯಾವಾಗ ಬಂದರೋ, ಕೆಟ್ಟವರಲ್ಲ, ಕನ್ನಡಕ ಒರೆಸುತ್ತಿದ್ದಾರೆ, ನಿನ್ನ ಸಂಕಟ ನಂಗರ್ಥ ಆಗತ್ತೆ, ಆದ್ರೆ ಆ ಸಾಲಿದ್ರೆ ಗುಂಡಿ ಯಾರು ಒತ್ತುತ್ತಾರೆ ಹೇಳು, ಇದೊಂದಕ್ಕೆ ಹಾಕಿದ್ರೆ ನಾಳೆ ಮಿಕ್ಕಿದ್ದಕ್ಕೂ ಹಾಕಬೇಕು, ಅಂಗಡಿ ಮುಚ್ಕೊಂಡು ಮನೆಗೆ ಹೋಗೋದೇ. ಓರೆ ಮಂಚ, ಅದರ ಕಾಲಿನ ಚಕ್ರಗಳು ನೆಲದ ಮೇಲೆ ಎಳೆದ ಕಪ್ಪು ಗೀರು. ಒಂದ್ ಕೆಲ್ಸ ಮಾಡ್ತೀನಿ, ಈ ಪುಟ ಬೇರೆಯವರ ಹೆಸರಿಗೆ ಹಾಕ್ತೀನಿ, ನಿನ್ನ ಕಣ್ಣಿಗೇ ಬೀಳಲ್ಲ, ನೀನು ಹೋಟೆಲ್ ಪುಟಗಳ ಕಡೆ ಬಂದ್ಬಿಡು, ಅಲ್ಲಿ ಯಾರೂ ಎಲ್ಲಿಗೂ ಹೋಗಲ್ಲ, ಹಾಯಾಗಿ ಮಲಗ್ತಾರೆ — ನಗಲು ಹೋಗಿ ನಿಲ್ಲಿಸಿದರು, ಮೌಸಿನ ಕಡೆ ಕೈ ಚಾಚಿದರು, ಕೊಡು, ನಾನೇ ಬದಲಾಯಿಸ್ತೀನಿ.

ಕೊಡಲ್ಲ ಸರ್.

ಅಲ್ಲಮ್ಮಾ, ನಿನ್ನ ಒಳ್ಳೇದಕ್ಕೇ —

ಬೇಡ. ಕೊಡಲ್ಲ.