ಫೋಟೋದಲ್ಲಿ ಇಲ್ಲದ ಗಂಟು

ಆ ಊರಲ್ಲಿ ಕುತ್ತಿಗೆ ತೆಳ್ಳಗಿದ್ದವರನ್ನು ಕಂಡರೆ ‘ಪಾಪ, ಹೊರಗಿನವರಿರಬೇಕು’ ಎನ್ನುತ್ತಿದ್ದರು. ಮನೆಗೊಂದಾದರೂ ಗಳಗಂಡ. ಅಜ್ಜಿಗಿತ್ತು, ಅಮ್ಮನಿಗಿತ್ತು, ನಮಗೂ ಇದೆ, ಹತ್ತರ ಜೊತೆ ಹನ್ನೊಂದು ಎನ್ನುವುದು ಅವರ ಲೆಕ್ಕ. ಅಂಗಡಿಯಲ್ಲಿ ಅಯೋಡಿನ್ ಸೇರಿಸಿದ ಪೊಟ್ಟಣದ ಉಪ್ಪು ಧೂಳು ತಿನ್ನುತ್ತಿತ್ತು. ಅದಕ್ಕೆ ಔಷಧಿ ವಾಸನೆಯಂತೆ! ಎಲ್ಲರಿಗೂ ಮೂಟೆಯ ಹರಳುಪ್ಪೇ ಬೇಕು.

ಫೋಟೋದಲ್ಲಿ ಮಾತ್ರ ಗಂಟು ಯಾರಿಗೂ ಬೇಡ. ಸ್ಟುಡಿಯೋದವನ ಅನ್ನ ಇದ್ದದ್ದೇ ಅಲ್ಲಿ. ಕಂಪ್ಯೂಟರಿನ ಮುಂದೆ ಕೂತು, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ, ಗಂಟನ್ನು ಒರೆಸಿಬಿಡುತ್ತಿದ್ದ. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಜನ ಬೆನ್ನ ಹಿಂದೆ ಅವನನ್ನು ನುಣುಪಣ್ಣ ಎಂದು ಕರೆದರೂ ಮುಂದೆ ನಿಂತಾಗ ಗದ್ದ ಎತ್ತಿ ನಿಲ್ಲುತ್ತಿದ್ದರು.

ಅವನ ಹೆಂಡತಿ ಒಬ್ಬಳೇ ಜೋರು. “ರೀ, ನನ್ನದನ್ನ ಮುಟ್ಟಬೇಡಿ. ಇದ್ದ ಹಾಗೇ ಇರಲಿ” ಎಂದಿದ್ದಳು. ಅವನು ಆಗಲಿ ಎಂದಿದ್ದ. ವರ್ಷಕ್ಕೊಂದು ಫೋಟೋ ತೆಗೆದು ಸ್ಟುಡಿಯೋ ಗೋಡೆಗೆ ಹಾಕುತ್ತಿದ್ದ. ಅವಳ ಕುತ್ತಿಗೆಯ ಮೆತ್ತನೆಯ ಊತ ಪ್ರತಿಯೊಂದರಲ್ಲೂ ಹಾಗೇ ಇರುತ್ತಿತ್ತು.

ಒಂದು ವರ್ಷ ಎಡಗಡೆ ಗೋಲಿಯಂಥದ್ದೊಂದು ಕಂಡಿತು. ಬೆಳಕಿನ ದೋಷ ಎಂದುಕೊಂಡು ಅದೊಂದನ್ನು ಒರೆಸಿದ. ಮರುವರ್ಷವೂ ಬೆಳಕನ್ನೇ ಬೈದ. ಹೆದರಿಕೆಗೆ ಹೆಸರಿಡುವುದು ಅವನಿಗೆ ಬೇಕಿರಲಿಲ್ಲ. ಒರೆಸುವ ಕೆಲಸಕ್ಕೆ ಮಾತ್ರ ಪ್ರತಿ ಸಲ ಹೆಚ್ಚು ಹೊತ್ತು ಹಿಡಿಯತೊಡಗಿತು.

ಅವಳ ದನಿ ಒಡೆದು ತಿಂಗಳುಗಳಾದ ಮೇಲೆ ಇಬ್ಬರೂ ದೊಡ್ಡಾಸ್ಪತ್ರೆಗೆ ಹೋದರು. ಡಾಕ್ಟರಮ್ಮ ಕುತ್ತಿಗೆ ಒತ್ತಿದರು, ಉಗುಳು ನುಂಗಿಸಿದರು, ಮತ್ತೆ ಒತ್ತಿದರು.

“ಅಯೋಡಿನ್ ಸಾಲದೆ ಊದಿದ್ದೆಲ್ಲ ಕ್ಯಾನ್ಸರ್ ಆಗಲ್ಲಮ್ಮ. ಆದ್ರೆ ವರ್ಷಗಟ್ಟಲೆ ಊದಿರೋ ಕಡೆ ಒಮ್ಮೊಮ್ಮೆ ಕೆಟ್ಟದ್ದೂ ಸೇರಿಕೊಳ್ಳುತ್ತೆ. ಎಡಗಡೇದು ಕಲ್ಲಿನ ಹಾಗಿದೆ, ಪಕ್ಕದಲ್ಲೂ ಗಂಟುಗಳು ಸಿಗ್ತಿವೆ. ಸೂಜಿ ಹಾಕಿ ಪರೀಕ್ಷೆ ಮಾಡಲೇಬೇಕು. ಯಾವಾಗಿಂದ ಇದೆ?”

“ಈಗೀಗ ಬಂದಿರೋದು” ಎಂದು ಅವಳು ಮೊಬೈಲ್ ತೆಗೆದಳು. “ನೋಡಿ, ಹೋದ ವರ್ಷದ ಫೋಟೋ. ಎಲ್ಲಿದೆ? ನಮ್ಮನೆಯವರು ನನ್ನ ಫೋಟೋ ಮುಟ್ಟಲ್ಲ, ಡಾಕ್ಟ್ರೇ.”

ಡಾಕ್ಟರಮ್ಮ ಅದನ್ನೇ ಬರೆದುಕೊಳ್ಳತೊಡಗಿದರು. ಅವನು ಬರೆಯುವ ಕೈಯನ್ನೇ ನೋಡಿದ. ಊರಿಗೆ ಉಪಕಾರಿ, ಮನೆಗೆ ಮಾರಿ. ಸುಮ್ಮನಿದ್ದರೆ ಹೆಂಡತಿಯ ನಂಬಿಕೆ ಉಳಿಯುತ್ತಿತ್ತು, ಅವಳ ಕಾಯಿಲೆಯ ಲೆಕ್ಕ ತಪ್ಪುತ್ತಿತ್ತು.

“ಆ ಫೋಟೋ ನಂಬಬೇಡಿ, ಡಾಕ್ಟ್ರೇ” ಎಂದ. “ಅದನ್ನ ನಾನು ಒರೆಸಿದ್ದೆ.”

ಡಾಕ್ಟರಮ್ಮ ಬರೆದದ್ದನ್ನು ಹೊಡೆದು ಹಾಕಿದರು. ಹೆಂಡತಿ ಮೊಬೈಲಿನಲ್ಲಿ ಫೋಟೋಗಳನ್ನು ಹಿಂದಕ್ಕೆ ಸರಿಸಿದಳು.

“ಇದರಲ್ಲಿ?”

“ಹೂಂ.”

“ಇದರಲ್ಲೂ?”

“ಹೂಂ.”

ಇನ್ನೊಂದು. ಮತ್ತೊಂದು. ಐದನೆಯದಕ್ಕೆ ಅವನು ಇಲ್ಲವೆಂದು ತಲೆಯಾಡಿಸಿದ. ಡಾಕ್ಟರಮ್ಮ ‘ನಾಲ್ಕು ವರ್ಷ’ ಎಂದು ಬರೆದುಕೊಂಡು, ಇವತ್ತೇ ಪರೀಕ್ಷೆ ಆಗಬೇಕೆಂದು ನರ್ಸನ್ನು ಕೂಗಿದರು.

ಹೆಂಡತಿ ಎದ್ದಳು. ಅವನು ಕೈ ಹಿಡಿಯಲು ಹೋದಾಗ ಹಿಂದಕ್ಕೆಳೆದುಕೊಂಡಳು.

“ಎರಡು ವರ್ಷದ ಹಿಂದೆ ಇಲ್ಲೇನೋ ಗಟ್ಟಿ ಸಿಗುತ್ತೆ ಅಂದಿದ್ದೆ” ಎಂದಳು, ಒಡೆದ ದನಿಯಲ್ಲಿ. “ಗೋಡೆ ಹತ್ರ ಕರ್ಕೊಂಡು ಹೋಗಿ, ನೋಡು ಏನೂ ಇಲ್ಲ ಅಂತ ನೀವು ಒರೆಸಿದ ಫೋಟೋನೇ ತೋರಿಸಿದ್ರಲ್ಲ, ರೀ.”