ಹಳದಿ ಗುಳಿಗೆ

ಮೂರನೇ ರೊಟ್ಟಿ ತಟ್ಟುತ್ತಿದ್ದೆ. ಹಿಂದಿನಿಂದ ಗಂಗಾ, "ಅವ್ವಾ, ಹಸಿವಾಗ್ಲಿಕತ್ತದ" ಎಂದಳು.

ನನ್ನ ಕೈ ಹಿಟ್ಟಿನ ಮೇಲೆಯೇ ನಿಂತಿತು. ಗುರುವಾರ ಅವಳು ಏಳುವುದರೊಳಗೆ ಗುಳಿಗೆಗಳನ್ನು ಸುಲಿದ ಬಾಳೆಹಣ್ಣಿನೊಳಗೆ ಹುದುಗಿಸಿ ಇಟ್ಟಿರುತ್ತೇನೆ. ಇವತ್ತು ಬೇಗ ಎದ್ದು ಬಂದು ತಾಟಿನ ಮುಂದೆಯೇ ಕೂತುಬಿಟ್ಟಿದ್ದಳು. ತಾಟಿನಲ್ಲಿ ನಾಲ್ಕು ಹಳದಿ ಗುಳಿಗೆ ಹಾಗೇ ಬಿದ್ದಿದ್ದವು.

ಹಳದಿ ಕಂಡರೆ ನನ್ನ ಮಗಳಿಗೆ ವಾಂತಿ. ವಾರಕ್ಕೊಮ್ಮೆ ನುಂಗುವ ಈ ಗುಳಿಗೆ ಮೂರು ವರ್ಷ ಹೊಟ್ಟೆ ತೊಳಸಿ ತೊಳಸಿ, ಈಗ ಬಣ್ಣ ಕಂಡರೇ ಸಾಕು. ಅದಕ್ಕೇ ಗುರುವಾರ ನಮ್ಮಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಪಲ್ಯಕ್ಕೆ ಅರಿಶಿನ ಬೀಳುವುದಿಲ್ಲ. ಪಕ್ಕದ ಮನೆಯ ಬಷೀರಾ ಕೂಡ ಅವತ್ತು ತನ್ನ ಹಳದಿ ದುಪಟ್ಟಾ ಹೊರಗೆ ಒಣಹಾಕುವುದಿಲ್ಲ.

ನಮ್ಮ ಭಂಕೂರಿನಲ್ಲಿ ಕಣ್ಣುಬೇನೆ ಎಂದರೆ ಕೆಂಪು ಕಣ್ಣು. ನನ್ನ ಗಂಡ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವವನು; ಕಲ್ಲಿನ ಪುಡಿ ಬಿದ್ದು ಕಣ್ಣು ಕೆಂಪಾಗುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ. ಗಂಗಾಳ ಕಣ್ಣು ಒಂದು ದಿನವೂ ಕೆಂಪಾಗಲಿಲ್ಲ, ನೋಯಲಿಲ್ಲ. ಐದು ವರ್ಷದವಳಿದ್ದಾಗ ಮೊಣಕಾಲು ಬಾತಿತು. ನಾವು ಕಾಲಿಗೆ ಎಣ್ಣೆ ತಿಕ್ಕುತ್ತ ಕೂತೆವು. ಹೈದರಾಬಾದಿನ ಕಣ್ಣಿನ ದವಾಖಾನೆ ಮುಟ್ಟುವಷ್ಟರಲ್ಲಿ ಎಡಗಣ್ಣು ಹೋಗಿತ್ತು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಅವಳ ಕೀಲುಗಳನ್ನೂ ಕಣ್ಣಿನ ಒಳಗನ್ನೂ ಸುಡುತ್ತಿದೆ, ಹೊರಗೆ ಏನೂ ಗೊತ್ತಾಗುವುದಿಲ್ಲ ಎಂದರು ಡಾಕ್ಟರಮ್ಮ. ಆಮೇಲಿನ ಗುಳಿಗೆ, ಹನಿ ಎಲ್ಲ ಬಲಗಣ್ಣು ಉಳಿಸಲಿಕ್ಕೆ. ಎರಡು ತಿಂಗಳ ಹಿಂದೆ ತೋರಿಸಿದಾಗ ಅದು ಪರವಾಗಿಲ್ಲ ಎಂದಿದ್ದರು.

ವಾಂತಿ ಬಂದೇ ಬರುತ್ತದೆಂದು ಬೋಗುಣಿ ಎಳೆದುಕೊಂಡೆ. ಬರಲಿಲ್ಲ. ಗಂಗಾ ರೊಟ್ಟಿಗೆಂದು ತಾಟಿನ ಮೇಲೆ ಕೈಯಾಡಿಸಿದಳು. ಬೆರಳಿಗೆ ಗುಳಿಗೆ ಹತ್ತಿದವು.

"ಇವೇ ಏನು? ರೊಟ್ಟಿ ಕೊಡು ಮೊದ್ಲ."

ರೊಟ್ಟಿ ಮೊಸರು ತಿಂದು, ನಾಲ್ಕನ್ನೂ ಒಂದೊಂದಾಗಿ ನುಂಗಿ ನೀರು ಕುಡಿದಳು.

ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದ ಬಷೀರಾ ಬಾಗಿಲಲ್ಲೇ ನಿಂತಳು. "ಇವತ್ತ ಉಲ್ಟಿ ಇಲ್ಲೇನಕ್ಕ? ರೂಢಿ ಆತು ನೋಡ್ರಿ. ನಮ್ಮತ್ತಿಗೆ ಒಂದ ಸಕ್ರಿ ಬ್ಯಾನಿ ಗುಳಗಿ ನುಂಗಸಬೇಕಂದ್ರ ಇಡೀ ಓಣಿ ಕೂಡಬೇಕು."

ಗಂಗಾ ನಕ್ಕಳು. ನಾನೂ ನಕ್ಕೆ. ಆ ನಗು ನನ್ನ ಬಾಯಲ್ಲಿ ಇದ್ದದ್ದು ಎಷ್ಟು ಹೊತ್ತು?

ಒಳಗೆ ಹೋಗಿ ಡಬ್ಬಿಯಿಂದ ಒಂದು ಹಿಡಿ ತೊಗರಿಬೇಳೆ ತಂದು ಅವಳ ಮುಖದ ಮುಂದೆ ಹಿಡಿದೆ.

"ಏನದ ಹೇಳು."

ಮುಖ ಹತ್ತಿರ ತಂದಳು. ಮೂಗು ಅರಳಿತು. "ಬ್ಯಾಳಿ."

"ಯಾವ ಬಣ್ಣ?"

ಅವಳು ಬೇಳೆಯನ್ನು ಬೆರಳಿನಿಂದ ಸವರಿದಳು. ಆಮೇಲೆ ಮೆಲ್ಲಗೆ, "ಬ್ಯಾಳಿ ಬಣ್ಣ" ಎಂದಳು.

ಬಷೀರಾ ಬಟ್ಟಲನ್ನು ಕೆಳಗಿಟ್ಟು ಗೋಡೆಗೆ ಒರಗಿ ಕೂತಳು.

"ಎಂದಿನಿಂದ ಕಾಣವಲ್ದು ಗಂಗಾ? ಸಾಲ್ಯಾಗ ಹೆಂಗ ಮಾಡ್ತಿ?" ಎಂದು ಕೇಳಿದೆ.

"ಶೈಸ್ತಾ ಬೋರ್ಡ್ ಓದ್ತಾಳ. ನಾ ಕೇಳಿ ಬರಿತೀನಿ." ಶೈಸ್ತಾ ಬಷೀರಾಳ ಮಗಳು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ಇನ್ನೊಂದ ಗುಳಗಿ ಹಚ್ಚತಾರ."

ಅವತ್ತೇ ವಾಡಿಗೆ ಹೋಗಿ ಹೈದರಾಬಾದಿನ ರೈಲು ಹತ್ತಿದೆವು. ಮರುದಿನ ಡಾಕ್ಟರಮ್ಮ ದೀಪ ಬಿಟ್ಟು ನೋಡಿದರು, ಮತ್ತೆ ನೋಡಿದರು, ಬೇರೆ ಡಾಕ್ಟರನ್ನೂ ಕರೆದು ತೋರಿಸಿದರು. ಒಳಗಿನ ಉರಿ ಮತ್ತೆ ಎದ್ದಿತ್ತು. ಅದನ್ನು ಆರಿಸಲು ಹಾಕುತ್ತಿದ್ದ ಹನಿಯಿಂದಲೇ ಕಣ್ಣಿನ ಒತ್ತಡ ಏರಿ ನರ ಸತ್ತಿತ್ತು. ಹೀಗಾಗಬಹುದೆಂದು ಮೊದಲೇ ಹೇಳಿದ್ದರು; ಹನಿ ಹಾಕದಿದ್ದರೂ ಕಣ್ಣು ಹೋಗುತ್ತಿತ್ತು. ಎರಡೆರಡು ತಾಸಿಗೆ, ಶಾಲೆಗೂ ಹೋಗಿ, ಒಂದು ಹೊತ್ತೂ ತಪ್ಪದೆ ಹಾಕಿದವಳು ನಾನು.

"ಹೋದದ್ದು ತಿರುಗಿ ಬರೂದಿಲ್ಲಮ್ಮ," ಎಂದರು. "ಒತ್ತಡಕ್ಕ ಮುಂದಿನ ವಾರ ಆಪರೇಷನ್ ಮಾಡೂಣು. ಹದಿನೈದು ದಿನಕ್ಕೊಂದು ಇಂಜೆಕ್ಷನ್ ಶುರು ಮಾಡೂಣು. ಬೆಳಕು ಕತ್ತಲಿ ಗೊತ್ತಾಗೂವಷ್ಟು ಉಳದ್ರ ದೊಡ್ಡದು."

"ಗುಳಗಿ?"

"ಅದು ಬೇಕೇ ಬೇಕು. ಬಿಟ್ರ ಕೀಲು ಹೋಗತಾವ."

ಗಂಗಾ ನನ್ನ ಪಕ್ಕದ ಸ್ಟೂಲಿನ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಆ ಮಾತಿಗೆ ಕಾಲು ನಿಂತವು.

ತಿರುಗಿ ಬರುವಾಗ ಮಧ್ಯಾಹ್ನದ ರೈಲು. ಕಿಟಕಿಯ ಹತ್ತಿರದ ಜಾಗ ಅವಳಿಗೆ ಕೊಟ್ಟೆ. ಕೊಟ್ಟಮೇಲೆ ಯಾಕೆ ಕೊಟ್ಟೆ ಎನಿಸಿತು. ತಾಂಡೂರು ಹೋಯಿತು, ಸೇಡಂ ಹೋಯಿತು. ಎದುರಿನ ಹೆಂಗಸು, "ಎಷ್ಟ ಚಂದ ಕಣ್ಣವ ನಿಮ್ಮ ಹುಡುಗಿವು" ಎಂದಳು. ಹೂಂ ಎಂದೆ. ಗಂಗಾ ಮುಖ ನನ್ನ ಕಡೆ ತಿರುಗಿಸಿದಳು. ನನ್ನ ಕಿವಿಯ ಹತ್ತಿರ ನೋಡುತ್ತಿದ್ದಳು, ನನ್ನನ್ನಲ್ಲ. ಚಿತ್ತಾಪುರ ಬರುವವರೆಗೆ ಏನೋ ಯೋಚಿಸುತ್ತ, ನನ್ನ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಇದ್ದಳು.

ಆಮೇಲೆ ಇಡೀ ಬೋಗಿಗೆ ಕೇಳುವಂತೆ ಕೇಳಿದಳು:

"ಅವ್ವಾ, ಕಣ್ಣು ಪೂರ್ತಿ ಹೋದಮ್ಯಾಲೂ ನಾ ಗುಳಗಿ ನುಂಗಬೇಕೇನು?"