ಒಂದು ಕೈಯ ಸೋಫಾ

ಶಿಕಾರಿಪುರದ ನನ್ನ ಕುಶನ್ ಅಂಗಡಿಗೆ ಬರುವ ಅರ್ಧ ಜನ ನನ್ನ ಮುಖ ನೋಡಿ, "ಕೆಲಸದೋರು ಯಾರೂ ಇಲ್ವೇನ್ರೀ?" ಎಂದು ಕೇಳುತ್ತಾರೆ. ಕೆಲಸದವಳು ನಾನೇ, ಸುನಿತಾ. ನನಗೆ ಬೆತ್ತ ಹೆಣೆಯಲು ಕಲಿಸಿದವಳು ಸೊರಬದಲ್ಲಿರುವ ಅಜ್ಜಿ ಹುಲಿಯಮ್ಮ. ಅವಳ ಹೆಣಿಗೆ ಅರ್ಧ ಬಂದಿದೆ, ಸಿಟ್ಟು ಮಾತ್ರ ಪೂರ್ತಿ ಬಂದಿದೆ ಎನ್ನುವುದು ಅಪ್ಪನ ದೂರು.

ಕಳೆದ ವಾರ ಮಲ್ಲಿಕಾರ್ಜುನ್ ಅವರ ಮನೆಯಿಂದ ಫೋನ್ ಬಂತು. ಅವರ ಅಜ್ಜ ಗಂಗಾಧರಪ್ಪ ಇಂಜಿನಿಯರ್ ಆಗಿದ್ದವರು. ಅವರ ಕಾಲದ ಸೋಫಾದ ಬೆತ್ತ ಹರಿದಿದೆ, ನೋಡಿ ಅಂದರು. ಹೋಗಿ ನೋಡಿದವಳು ಬಾಗಿಲಲ್ಲೇ ನಿಂತುಬಿಟ್ಟೆ. ತೇಗದ ಸೋಫಾ, ತುಸು ಓರೆಯಾಗಿ ಹೊರಚಾಚಿದ ಕಾಲುಗಳು, ತೆಳ್ಳಗಿನ ಒರಗು. ಎಡ ತುದಿಗೆ ಕೈ ಇದೆ, ಬಲ ತುದಿಗೆ ಇಲ್ಲ. ಮುರಿದದ್ದಲ್ಲ, ಮಾಡುವಾಗಲೇ ಇಲ್ಲ. ಅರವತ್ತು ವರ್ಷದ ಹಿಂದೆ ಅಜ್ಜ, ಅಜ್ಜಿ ಸೇರಿ ಒಂದೇ ಕೈಯ ಸೋಫಾ ಮಾಡಿ ಪೇಚಿಗೆ ಸಿಕ್ಕ ಕತೆಯನ್ನು ಅಪ್ಪ ನಕ್ಕು ನಕ್ಕು ಹೇಳುತ್ತಿದ್ದರು. ಆ ಸೋಫಾ ಇದೇ.

ಅಲ್ಲಿ ಬೆಂಗಳೂರಿನ ಚೈತ್ರ ಎಂಬುವರೂ ಇದ್ದರು. ಹಳೆಯ ಪೀಠೋಪಕರಣಗಳ ಪ್ರದರ್ಶನಕ್ಕೆ ಈ ಸೋಫಾ ಒಯ್ಯಲು ಬಂದವರು.

"ಇದು ಹೊರದೇಶದ ದೊಡ್ಡ ಡಿಸೈನರ್ ಕೈಚಳಕ. ಒಂದು ಕಡೆ ಪೂರ್ತಿ ತೆರೆದು ಬಿಟ್ಟಿದ್ದಾರಲ್ಲ, ಆ ಕಾಲಕ್ಕೆ ಎಂಥ ಧೈರ್ಯ!" ಅಂದರು.

"ಮಾಡಿದ್ದು ನಮ್ಮಜ್ಜ ಕೆಂಪಪ್ಪ, ಹೆಣೆದಿದ್ದು ನಮ್ಮಜ್ಜಿ ಮೇಡಂ."

ಅವರು ಮೆಲ್ಲಗೆ ನಕ್ಕರು. ಜೋರಾಗಿ ನಕ್ಕಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. "ಕೆಲಸ ಅವರದ್ದಿರಬಹುದು. ಡಿಸೈನ್ ಯಾರದ್ದು ಅನ್ನೋದು ಪ್ರಶ್ನೆ. ಸೋಮವಾರ ಹೆಸರಿನ ಫಲಕ ಅಚ್ಚಿಗೆ ಹೋಗುತ್ತೆ. ಅಷ್ಟರಲ್ಲಿ ಗೊತ್ತಾಗದಿದ್ದರೆ 'ವಿದೇಶಿ ವಿನ್ಯಾಸ' ಅಂತ ಬರೀತೀವಿ."

ಅಜ್ಜ ಕುಲಕಸುಬಿನ ಬಡಗಿಯೇನಲ್ಲ, ಸೊರಬದ ಮರದ ಮಿಲ್ಲಿನಲ್ಲಿ ಹಲಗೆ ಹೊತ್ತು ಹೊತ್ತು ಉಳಿ ಹಿಡಿಯಲು ಕಲಿತವನು. ಅಜ್ಜಿ ಹರಿದ ಕುರ್ಚಿಯೊಂದನ್ನು ಎಳೆ ಎಳೆಯಾಗಿ ಬಿಚ್ಚಿ ಹೆಣಿಗೆ ಕಲಿತವಳು. ಅಜ್ಜ ಈಗಿಲ್ಲ. ಅವರಿಬ್ಬರ ಹೆಸರು ಆ ಫಲಕದ ಮೇಲೆ ಬರಲೇಬೇಕೆಂದು ನನಗೆ ಹಟ ಹಿಡಿಯಿತು. ಭಾನುವಾರ ಬೆಳಿಗ್ಗೆಯೇ ಸೊರಬಕ್ಕೆ ಹೋಗಿ ಅಜ್ಜಿಯನ್ನು ಹೊರಡಿಸಿದೆ.

"ತಪ್ಪಾಗಿ ಮಾಡಿದ್ವಿ ಅಂತ ಮಾತ್ರ ಬಾಯಿ ಬಿಡಬ್ಯಾಡ. ಬೇಕಂತಲೇ ಕೈ ಬಿಟ್ವಿ ಅನ್ನು," ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಪಾಠ ಹೇಳಿದೆ. ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾ ಕಿಟಕಿಯಾಚೆ ನೋಡುತ್ತಿದ್ದಳು.

ಮಲ್ಲಿಕಾರ್ಜುನ್ ಅವರ ಮನೆಯಲ್ಲಿ ಸೋಫಾದ ಮುಂದೆ ನಿಂತವಳು ಅದನ್ನು ಸವರಿ, "ಇನ್ನೂ ಐತಲ್ಲ," ಎಂದಳು. ಚೈತ್ರ ಪುಸ್ತಕ ತೆರೆದು ಕೇಳಿದರು, "ಅಜ್ಜಿ, ಈ ಕಡೆ ಕೈ ಯಾಕೆ ಇಡಲಿಲ್ಲ?"

"ಚಿತ್ರದಾಗೆ ಇರ್ಲಿಲ್ಲವಲ್ಲ!"

ನನ್ನ ಪಾಠವೆಲ್ಲ ಹೊಳೆಪಾಲಾಯಿತು. ಅಜ್ಜಿ ಸರಾಗವಾಗಿ ಹೇಳುತ್ತಲೇ ಹೋದಳು. "ಗಂಗಾಧರಪ್ಪ ಸಾಹೇಬ್ರು ಯಾವ್ದೋ ಹೊರದೇಶದ ಪತ್ರಿಕೆಯಿಂದ ಒಂದು ಹಾಳೆ ಹರ್ದು ಕೊಟ್ಟಿದ್ರು. ಚಿತ್ರ ಈ ತುದೀಗೆ ತುಂಡಾಗಿತ್ತು. ನಾವು ಸೋಫಾ ಯಾವಾಗ ಕಂಡಿದ್ವಿ? ಅದಕ್ಕಿರೋದೇ ಒಂದು ಕೈ ಅಂದ್ಕಂಡ್ವಿ."

ಮಲ್ಲಿಕಾರ್ಜುನ್ ಗೊಳ್ಳನೆ ನಕ್ಕರು. ಚೈತ್ರ ಪೆನ್ನು ಮುಚ್ಚಿದರು. "ಹಾಗಾದರೆ ಇದು ಡಿಸೈನ್ ಅಲ್ಲ, ತಪ್ಪು."

ನಾಚಿಕೆಯಿಂದ ನನ್ನ ತಲೆ ತಗ್ಗಿತು.

"ತಡೀರಿ, ತಪ್ಪು ಆಗಿದ್ದು ಮೊದ್ಲು," ಎಂದಳು ಅಜ್ಜಿ. "ಸಾಹೇಬ್ರು ಬಂದು ನೋಡಿ ತಲೆ ಚಚ್ಚಿಕೊಂಡ್ರು. ನಮ್ಮನೆಯವರು ರಾತ್ರೋರಾತ್ರಿ ಇನ್ನೊಂದು ಕೈ ಕಡೆದೂ ಇಟ್ರು. ಬೆಳಿಗ್ಗೆ ಜೋಡಿಸ್ಬೇಕು, ಅಷ್ಟರಾಗೆ ಕೂಸು ಮಾಲತೇಶ, ಇವಳಪ್ಪ, ಹಾಲಿಗೆ ಅಳಾಕೆ ಹಿಡಿದ. ಎತ್ಕಂಡು ಈ ತುದೀಗೆ ಕುಂತೆ. ಕಾಲು ಮಡಚಿ ಮಲಗಿಸ್ಕಂಡೆ. ಮೊಣಕೈಗೆ ಏನೂ ತಾಗ್ಲಿಲ್ಲ, ಕೂಸಿನ ತಲೆಗೂ ತಾಗ್ಲಿಲ್ಲ. ಈ ಕಡೆ ಕೈ ಬ್ಯಾಡ ಅಂದೆ."

"ನಿಮ್ಮ ಯಜಮಾನರು ಒಪ್ಪಿದ್ರಾ?" ಚೈತ್ರ ಕೇಳಿದರು.

"ಎಲ್ಲಿ ಒಪ್ತಾರೆ! ಎರಡು ದಿನ ಮಾತೇ ಬಿಟ್ರು. ಮೂರನೇ ದಿನ ತಾವೇ ಇಲ್ಲಿ ಕಾಲು ಮಡಚಿ ಕುಂತು ನೋಡಿದ್ರು. ಆಮ್ಯಾಲೆ ಆ ಕಡೆದಿಟ್ಟ ಕೈಯನ್ನ ಸೀಟಿನಡಿಗೆ ಕೊಟ್ಟು ಈ ತುದಿ ಭದ್ರ ಮಾಡಿದ್ರು. ಬಾಣಂತಿ ಕೂರೋ ಜಾಗ, ಬಾಗ್ಬಾರ್ದು ಅಂತ. ಬಗ್ಗಿ ನೋಡ್ರಿ."

ಬಗ್ಗಿ ನೋಡಿದೆವು. ಬಲ ತುದಿಯ ಸೀಟಿನಡಿಯಲ್ಲಿ ಒಂದು ಅಡ್ಡಮರ, ಅಂಗೈ ಇಡಲೆಂದೇ ನಯವಾಗಿ ಬಾಗಿಸಿ ಕಡೆದದ್ದು. ಚೈತ್ರ ಅದನ್ನು ಸವರಿದರು, ಎದ್ದು ಎಡಗಡೆಯ ಕೈಯನ್ನೂ ಸವರಿದರು. ಎರಡಕ್ಕೂ ಒಂದೇ ಬಾಗು.

ಮಲ್ಲಿಕಾರ್ಜುನ್ ನಗು ಇಳಿದಿತ್ತು. "ಅಜ್ಜ ಏನಂದ್ರೂ ನಮ್ಮಜ್ಜಿ ಸಾಯೋತನಕ ಈ ತುದಿ ಯಾರಿಗೂ ಬಿಟ್ಟುಕೊಡ್ಲಿಲ್ಲ ಕಣ್ರೀ. ಇಲ್ಲೇ ಚಕ್ಕಳಮಕ್ಕಳ ಹಾಕಿ ಕೂರೋರು," ಎಂದರು.

ಈ ಅರ್ಧ ಕತೆ ಅಪ್ಪನಿಗೂ ಗೊತ್ತಿರಲಿಲ್ಲ. ತೊಡೆಯ ಮೇಲೆ ಮಲಗಿ ಹಾಲು ಕುಡಿಯುತ್ತಿದ್ದವರಿಗೆ ಹೇಗೆ ಗೊತ್ತಾಗಬೇಕು! ಸುಳ್ಳು ಹೇಳು ಎಂದು ನಾನು ಈ ಹೆಂಗಸಿಗೆ ಪಾಠ ಮಾಡಿದ್ದೆನಲ್ಲ ಎಂದು ನಾಚಿಕೆಯಾಯಿತು. ಆಮೇಲೆ ಹೆಮ್ಮೆಯಿಂದ ಇನ್ನೊಮ್ಮೆ ಬಗ್ಗಿ ಆ ಅಡ್ಡಮರ ಸವರಿದೆ.

ಚೈತ್ರ ಪೆನ್ನು ಮತ್ತೆ ತೆಗೆದರು. "ವಿನ್ಯಾಸ ಕೆಂಪಪ್ಪ ಮತ್ತು ಹುಲಿಯಮ್ಮ, ಸೊರಬ. ಯಾರ ಹೆಸರು ಮೊದಲು ಹಾಕಲಿ ಅಜ್ಜಿ?"

ಅಜ್ಜಿ ಚಪ್ಪಲಿ ಬಿಟ್ಟು ಸೋಫಾದ ಬಲ ತುದಿಗೆ ಹತ್ತಿ ಕಾಲು ಮಡಚಿ ಕುಳಿತಳು.

"ಕೈ ಇರೋ ಕಡೆ ಅವರ ಹೆಸರು ಬರೀರಿ," ಎಂದಳು. "ಕೈ ಇಲ್ಲದ ಕಡೆ ನಂದು."